ಕುಮಾರ ಪರ್ವತಕ್ಕೆ ದಿನಕ್ಕೆ ಮುನ್ನೂರು ಮಂದಿ: ಲೆಕ್ಕ ತಪ್ಪುವುದೆಲ್ಲಿ?

2024ರ ಜನವರಿ 26 ಶುಕ್ರವಾರ ಬಿದ್ದಿತ್ತು. ಅದರ ಬೆನ್ನಿಗೇ ಶನಿವಾರ, ಭಾನುವಾರ. ಕುಕ್ಕೆ ಸುಬ್ರಹ್ಮಣ್ಯದ ಹಿಂದಿರುವ ಕುಮಾರ ಪರ್ವತದ ಬೋಳುಗುಡ್ಡದ ಮೇಲೆ ಇರುವೆ ಸಾಲಿನ ಹಾಗೆ ಜನ ಒಬ್ಬರ ಹಿಂದೊಬ್ಬರು ನಿಂತಿರುವ ವಿಡಿಯೊಗಳು ಆ ವಾರಾಂತ್ಯ ಎಲ್ಲರ ಫೋನಿಗೂ ಬಂದವು. ಮುಂದಿನವರು ಕದಲದೆ ಹಿಂದಿನವರಿಗೆ ಹೆಜ್ಜೆ ಎತ್ತುವ ಹಾಗಿರಲಿಲ್ಲ. ಕೆಲವೇ ದಿನಗಳಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಇಲ್ಲದ ಚಾರಣ ಪಥಗಳಿಗೆ ತಾತ್ಕಾಲಿಕವಾಗಿ ಬಾಗಿಲು ಹಾಕಿಸಿದರು. ಆ ವರ್ಷದ ಮಳೆಗಾಲ ಕಳೆದ ಮೇಲೆ, ಅಕ್ಟೋಬರಿನಲ್ಲಿ, ಚಾರಣದ ಟಿಕೆಟ್ ಕಾದಿರಿಸುವ ‘ಅರಣ್ಯ ವಿಹಾರ’ ಜಾಲತಾಣ ಬಂತು. ಒಂದು ಪಥಕ್ಕೆ ದಿನಕ್ಕೆ ಹೆಚ್ಚೆಂದರೆ 300 ಮಂದಿ, ಗುರುತಿನ ಚೀಟಿ ಕಡ್ಡಾಯ, ಒಂದು ಮೊಬೈಲ್ ಸಂಖ್ಯೆಯಿಂದ ಹತ್ತಕ್ಕಿಂತ ಹೆಚ್ಚು ಟಿಕೆಟ್ ಇಲ್ಲ ಎಂಬ ನಿಯಮಗಳೂ ಬಂದವು.

ಸಾವಿರಾರು ಜನರ ಜಾಗದಲ್ಲಿ ಮುನ್ನೂರು ಎಂದರೆ ಯಾರಿಗಾದರೂ ಸಮಾಧಾನ. ಆದರೆ ಮುನ್ನೂರು ಎಂಬುದು ದಿನದ ಲೆಕ್ಕ. ಬೆಟ್ಟದ ಮೇಲೆ ಇಕ್ಕಟ್ಟು ಆಗುವುದು ಗಂಟೆಯ ಲೆಕ್ಕದಲ್ಲಿ. ಬೆಳಿಗ್ಗೆ ಐದೂವರೆಗೆ ಬಸ್ಸಿಳಿದವರೆಲ್ಲ ಏಳಕ್ಕೆ ಹೊರಟರೆ ಮಧ್ಯಾಹ್ನ ಒಂದರ ಸುಮಾರಿಗೆ ಒಂದೇ ಬಂಡೆಯ ಬುಡದಲ್ಲಿ ಸೇರುತ್ತಾರೆ. ಆ ಬಂಡೆಗೆ ಜಾಲತಾಣದ ಮಿತಿ ಗೊತ್ತಿಲ್ಲ.

ಊರು ಒಂದು, ಬೆಟ್ಟಕ್ಕೆ ಬದಿ ಎರಡು

ಕುಕ್ಕೆ ಸುಬ್ರಹ್ಮಣ್ಯ ದಕ್ಷಿಣ ಕನ್ನಡದ ಕಡಬ ತಾಲ್ಲೂಕಿನ ಊರು. ದೇವಳ, ರಥಬೀದಿ, ಕುಮಾರಧಾರಾ ಸ್ನಾನಘಟ್ಟ, ವಸತಿಗೃಹಗಳ ಸಾಲು, ಬಸ್ ನಿಲ್ದಾಣ: ಊರಿನ ಬದುಕು ನಡೆಯುವುದು ಸರ್ಪಸಂಸ್ಕಾರ, ಆಶ್ಲೇಷಾ ಬಲಿ ಮಾಡಿಸಲು ಬರುವ ಭಕ್ತರಿಂದ. ಮುಜರಾಯಿ ಇಲಾಖೆಯ ದೇವಸ್ಥಾನಗಳಲ್ಲಿ ಆದಾಯಕ್ಕೆ ಮೊದಲ ಹೆಸರು ಇದರದ್ದೇ. ಬೆಂಗಳೂರಿನಿಂದ ರಾತ್ರಿ ಬಸ್ಸು, ಇಲ್ಲವೇ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ರೈಲು. ಅಲ್ಲಿಂದ ಊರಿಗೆ ಹನ್ನೆರಡು ಕಿಲೊಮೀಟರ್ ಜೀಪು, ಬಸ್ಸು.

ಊರಿನ ಹಿಂದೆಯೇ ಗೋಡೆಯಂತೆ ಎದ್ದಿರುವುದು ಪಶ್ಚಿಮ ಘಟ್ಟ. ಕುಕ್ಕೆ ಇರುವುದು ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರ್ ಎತ್ತರದಲ್ಲಿ. ಶಿಖರ 1,712 ಮೀಟರ್. ಹದಿಮೂರು ಕಿಲೊಮೀಟರ್ ದಾರಿಯಲ್ಲಿ ಸುಮಾರು 1,600 ಮೀಟರ್ ಏರು. ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರದ ಬೆಟ್ಟವಾದರೂ ಅಲ್ಲಿ ತುದಿಯ ಹತ್ತಿರಕ್ಕೇ ಕಾರು ಹೋಗುತ್ತದೆ. ಇಲ್ಲಿ ಪ್ರತಿ ಮೀಟರನ್ನೂ ಮಂಡಿಯೇ ಹೊರಬೇಕು. ದಕ್ಷಿಣ ಭಾರತದ ಕಠಿಣ ಚಾರಣಗಳ ಮಾತು ಬಂದಾಗ ಈ ಹೆಸರು ಮೊದಲ ಸಾಲಿನಲ್ಲಿರುವುದು ಇದರಿಂದಲೇ.

ಶಿಖರ ಇರುವುದು ಮಾತ್ರ ಕೊಡಗಿನಲ್ಲಿ, ಸೋಮವಾರಪೇಟೆ ತಾಲ್ಲೂಕಿನ ಪುಷ್ಪಗಿರಿ ವನ್ಯಜೀವಿಧಾಮದ ಒಳಗೆ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಇದೂ ಒಂದು. ಕುಕ್ಕೆಯ ಬದಿಯ ಕಾಡು ಮಂಗಳೂರು ಅರಣ್ಯ ವಿಭಾಗದ್ದು. ಪುಷ್ಪಗಿರಿ ಮಡಿಕೇರಿ ವನ್ಯಜೀವಿ ವಿಭಾಗದ್ದು. ಎರಡು ಜಿಲ್ಲೆ, ಎರಡು ವಿಭಾಗ, ದಾರಿ ಒಂದೇ. ಕೆಳಗೆ ಕಸ ಬಿದ್ದರೆ ಒಬ್ಬರದ್ದು, ಮೇಲೆ ಕಾಲು ಮುರಿದರೆ ಇನ್ನೊಬ್ಬರದ್ದು. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಸೆಕ್ಷನ್ 27 ಅಭಯಾರಣ್ಯದ ಪ್ರವೇಶವನ್ನು ನಿರ್ಬಂಧಿಸುತ್ತದೆ, ಸೆಕ್ಷನ್ 28 ಪ್ರವಾಸೋದ್ಯಮವೂ ಸೇರಿದಂತೆ ಕೆಲವು ಕಾರಣಗಳಿಗೆ ಅನುಮತಿ ಕೊಡಲು ದಾರಿ ಬಿಡುತ್ತದೆ. ಅಂದರೆ ಚಾರಣ ಇಲ್ಲಿ ಹಕ್ಕಲ್ಲ, ಪರವಾನಗಿ. ದುಡ್ಡು ಕೊಟ್ಟಿದ್ದೇವೆ ಎಂದು ಚೆಕ್‌ಪೋಸ್ಟಿನಲ್ಲಿ ದನಿ ಏರಿಸುವವರು ಇದನ್ನು ಒಮ್ಮೆ ಓದಿಕೊಂಡರೆ ಒಳ್ಳೆಯದು.

ಕೊಡಗಿನ ಕಡೆಯಿಂದಲೂ ದಾರಿಯಿದೆ. ಬೀದಳ್ಳಿ, ಹೆಗ್ಗಡಮನೆ ಭಾಗದಿಂದ ಶಿಖರಕ್ಕೆ ಆರೇಳು ಕಿಲೊಮೀಟರ್. ಹೊರಡುವ ಜಾಗವೇ ಘಟ್ಟದ ಮೇಲಿರುವುದರಿಂದ ಏರು ಕುಕ್ಕೆಯ ಅರ್ಧದಷ್ಟು. ಮಲ್ಲಳ್ಳಿ ಜಲಪಾತವೂ ಅದೇ ದಿಕ್ಕಿನಲ್ಲಿದೆ, ಕುಮಾರಧಾರೆಯ ಮೊದಲ ದೊಡ್ಡ ಜಿಗಿತ ಅದು.

ಬೆಳಕಿನ ಲೆಕ್ಕ

ಕುಕ್ಕೆಯಿಂದ ಹೋಗುವ ದಾರಿಯನ್ನು ತುಂಡು ಮಾಡಿ ನೋಡಿದರೆ ಸಮಸ್ಯೆ ಎಲ್ಲಿದೆ ಎಂಬುದು ತಾನಾಗಿಯೇ ಕಾಣುತ್ತದೆ. ದೇವಳದಿಂದ ದೇವರಗದ್ದೆ, ಅಲ್ಲಿಂದ ದಟ್ಟ ಕಾಡಿನೊಳಗೆ ಬೇರು-ಕಲ್ಲುಗಳ ಮೆಟ್ಟಿಲು, ನಡುವೆ ಭೀಮನ ಬಂಡೆ, ಆಮೇಲೆ ಕಾಡು ಸರಿದು ಗಿರಿಗದ್ದೆ. ಚಾರಣಿಗರ ಬಾಯಲ್ಲಿ ‘ಭಟ್ಟರ ಮನೆ’ ಎಂದೇ ಹೆಸರಾದ ಜಾಗ ಇದೇ; ಬಿಸಿ ಅನ್ನ, ಸಾರು, ಮಜ್ಜಿಗೆ ಸಿಗುವ ಕೊನೆಯ ಒಲೆ. ಸಾಧಾರಣ ನಡಿಗೆಯವರಿಗೆ ಇಲ್ಲಿಯವರೆಗೆ ಎರಡೂಮುಕ್ಕಾಲು ಗಂಟೆ. ಸ್ವಲ್ಪ ಮುಂದೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್. ಅಲ್ಲಿಂದ ನೆರಳಿಲ್ಲದ ಹುಲ್ಲುಗುಡ್ಡದಲ್ಲಿ ಒಂದೂವರೆ ಗಂಟೆ ಹತ್ತಿದರೆ ಕಲ್ಲು ಮಂಟಪ. ಮತ್ತೆ ಒಂದೂವರೆ ಗಂಟೆಗೆ ಶೇಷ ಪರ್ವತ. ಅಲ್ಲಿಂದ ಸ್ವಲ್ಪ ಇಳಿದು, ಶೋಲೆ ಕಾಡು (ಹುಲ್ಲುಗುಡ್ಡಗಳ ಮಡಿಲಿನ ತಂಪು ಹಸಿರು ಕಾಡು) ಹೊಕ್ಕು, ಒದ್ದೆ ಬಂಡೆಯೊಂದನ್ನು ಕೈಕಾಲು ಊರಿ ಹತ್ತಿದರೆ ಐವತ್ತು ನಿಮಿಷದಲ್ಲಿ ಶಿಖರ.

ಕೂಡಿದರೆ ಆರೂವರೆ ಗಂಟೆಯ ಮೇಲೆ. ಇಳಿಯಲು ಐದೂಕಾಲು. ಹನ್ನೆರಡು ಗಂಟೆ ಬರೀ ನಡಿಗೆ, ಊಟ, ಫೋಟೊ, ಕಾಯುವಿಕೆ ಬಿಟ್ಟು.

ಡಿಸೆಂಬರಿನಲ್ಲಿ ಈ ಭಾಗದಲ್ಲಿ ಸೂರ್ಯ ಹುಟ್ಟುವುದು ಆರೂಮುಕ್ಕಾಲರ ಹೊತ್ತಿಗೆ, ಮುಳುಗುವುದು ಆರು ದಾಟಿದ ಕೂಡಲೇ. ಬೆಳಕು ಹನ್ನೊಂದೂವರೆ ಗಂಟೆಯೂ ಪೂರ್ತಿ ಇಲ್ಲ. ಸರಾಸರಿ ಕಾಲಿನವರಿಗೆ ಕುಕ್ಕೆಯಿಂದ ಹೊರಟು ಶಿಖರ ಮುಟ್ಟಿ ಕುಕ್ಕೆಗೆ ಮರಳುವುದು ಹಗಲಿನೊಳಗೆ ಹಿಡಿಸುವುದೇ ಇಲ್ಲ. ಬೆಳಿಗ್ಗೆ ಆರಕ್ಕೆ, ಇನ್ನೂ ಕತ್ತಲಿರುವಾಗಲೇ ಹೊರಟವರು ಹನ್ನೆರಡೂವರೆಗೆ ಮೇಲೆ ತಲುಪಿ, ಒಂದಕ್ಕೆ ತಿರುಗಿದರೆ ಆರೂಕಾಲಿಗೆ ಊರು ಸೇರುತ್ತಾರೆ. ಅಂಚಿನ ಮೇಲಿನ ಲೆಕ್ಕ ಇದು. ಏಳೂಕಾಲಿಗೆ ಹೊರಟವರಿಗೆ ರಾತ್ರಿ ಏಳೂವರೆ. ನಡುವೆ ಒಂದು ಗಂಟೆ ಸಾಲಿನಲ್ಲಿ ನಿಂತರೆ ಎಂಟೂವರೆ. ಕೊನೆಯ ಎರಡು ಗಂಟೆ ಅವರು ಇರುವುದು ಗಿರಿಗದ್ದೆಯ ಕೆಳಗಿನ ಕಾಡಿನಲ್ಲಿ. ಆನೆ ಓಡಾಡುವ, ಬೇರು ಕಾಣದ, ಮಂಡಿ ನಡುಗುವ ಹೊತ್ತಿನಲ್ಲಿ, ಫೋನಿನ ಬೆಳಕು ಹಿಡಿದುಕೊಂಡು.

ಹಿಂದೆ ಇದಕ್ಕೆ ಪರಿಹಾರ ಸರಳವಾಗಿತ್ತು: ಮೊದಲ ದಿನ ಗಿರಿಗದ್ದೆಯಲ್ಲಿ ತಂಗುವುದು, ಮರುದಿನ ನಸುಕಿಗೆ ಹತ್ತಿ ಇಳಿಯುವುದು. ಬೆಟ್ಟದ ತುದಿಯಲ್ಲಿ ಟೆಂಟ್ ಹಾಕುವುದನ್ನು ನಿಷೇಧಿಸಿದ್ದು ಸರಿ. ಅಲ್ಲಿ ನೀರಿಲ್ಲ, ಗಾಳಿ ಜೋರು, ಶೋಲೆಯ ಒಣ ಕಟ್ಟಿಗೆ ಒಲೆಗೆ ಹೋಗುತ್ತಿತ್ತು. ಆದರೆ ಗಿರಿಗದ್ದೆಯಲ್ಲಿ ತಂಗುವುದನ್ನೂ ತಡೆಯುವಾಗ ನಡಿಗೆಯ ಉದ್ದವನ್ನೂ ಕಡಿಮೆ ಮಾಡಬೇಕಿತ್ತು. ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಿದರೆ ಜನ ಓಡುತ್ತಾರೆ. ಓಡಿದವರ ಪಾದ ಮಗುಚುತ್ತದೆ.

ಮುನ್ನೂರು ಮಂದಿ ಸಿಕ್ಕಿಬೀಳುವ ಜಾಗಗಳು

ಚೆಕ್‌ಪೋಸ್ಟನ್ನು ಹತ್ತಿರದಿಂದ ನೋಡೋಣ. ಚೀಲ ಬಿಚ್ಚಬೇಕು. ಪ್ಲಾಸ್ಟಿಕ್ ಪೊಟ್ಟಣ, ಬಾಟಲಿ ನೋಡಬೇಕು, ಸಿಗರೇಟು-ಬೆಂಕಿಪೊಟ್ಟಣ ತೆಗೆದಿಡಬೇಕು, ಟಿಕೆಟ್ಟಿನ ಹೆಸರಿಗೂ ಗುರುತಿನ ಚೀಟಿಗೂ ತಾಳೆ ಹಾಕಬೇಕು. ಎಷ್ಟೇ ಚುರುಕಾದರೂ ಒಬ್ಬರಿಗೆ ಎರಡು ನಿಮಿಷ. 300 ಜನಕ್ಕೆ 600 ನಿಮಿಷ, ಹತ್ತು ಗಂಟೆ. ನಾಲ್ಕು ಮಂದಿ ಸಿಬ್ಬಂದಿ ಕೂತರೂ ಎರಡೂವರೆ ಗಂಟೆ. ಇಬ್ಬರೇ ಇದ್ದ ದಿನ ಏನಾಗುತ್ತದೆ? ಮೊದಲ ಐವತ್ತು ಚೀಲಗಳ ತಪಾಸಣೆ ಸರಿಯಾಗಿ ಆಗುತ್ತದೆ, ಆಮೇಲೆ ಕೈ ಸೋಲುತ್ತದೆ, ‘ಹೋಗಿ ಹೋಗಿ’ ಶುರುವಾಗುತ್ತದೆ. ಚಾರಣದ ಕಸ ಹೆಚ್ಚಾಗಿ ಹೀಗೆ ತಡವಾಗಿ ಬಂದ ಚೀಲಗಳಲ್ಲೇ ಮೇಲೇರುತ್ತದೆ. ತಪಾಸಣೆಯನ್ನು ಗಿರಿಗದ್ದೆಯಲ್ಲಿ ಮಾಡುವ ಬದಲು ಕೆಳಗೆ, ದೇವರಗದ್ದೆಯ ಬಳಿಯೇ ಮಾಡಿದರೆ ಇನ್ನೊಂದು ಅನುಕೂಲವಿದೆ: ಬೇಡದ್ದನ್ನು ಅಲ್ಲೇ ಬಿಟ್ಟು ಹೋಗಬಹುದು. ಐದಾರು ಕಿಲೊಮೀಟರ್ ಹೊತ್ತು ತಂದ ಚಿಪ್ಸ್ ಪೊಟ್ಟಣವನ್ನು ಚೆಕ್‌ಪೋಸ್ಟಿನಲ್ಲಿ ಯಾರೂ ಬಿಡುವುದಿಲ್ಲ, ಅಡಗಿಸುತ್ತಾರೆ.

ಎರಡನೆಯದು ಶೇಷ ಪರ್ವತ ದಾಟಿದ ಮೇಲಿನ ಬಂಡೆ. ಶೋಲೆಯ ನೆರಳಿನಲ್ಲಿರುವ ಇಳಿಜಾರು ಕಲ್ಲು ಅದು. ಮಳೆಗಾಲ ಮುಗಿದು ತಿಂಗಳುಗಳಾದರೂ ನೀರು ಒಸರುತ್ತಿರುತ್ತದೆ, ಪಾಚಿ ಒಣಗುವುದಿಲ್ಲ. ಹತ್ತುವವರು ಬೇರು ಹಿಡಿಯುತ್ತಾರೆ, ಇಳಿಯುವವರು ಕೂತು ಜಾರುತ್ತಾರೆ. ದಾರಿ ಒಂದೇ ಸಾಲಿನದ್ದು. ಹತ್ತಲು ಒಬ್ಬರಿಗೆ ಅರ್ಧ ನಿಮಿಷ ಎಂದಿಟ್ಟುಕೊಂಡರೆ 300 ಜನಕ್ಕೆ ಎರಡೂವರೆ ಗಂಟೆ. ಇಳಿಯುವುದು ನಿಧಾನ, ಒಂದು ನಿಮಿಷ ಎಂದರೆ ಐದು ಗಂಟೆ. ಎರಡೂ ಸೇರಿ ಏಳೂವರೆ ಗಂಟೆಯ ಕೆಲಸವನ್ನು ಆ ಬಂಡೆ ಹನ್ನೆರಡರಿಂದ ಮೂರರೊಳಗೆ ಮುಗಿಸಬೇಕು. ಆಗುವುದಿಲ್ಲ. ಹಾಗಾಗಿ ಅವಸರದವರು ಪಕ್ಕದ ಗಿಡಗಳ ನಡುವೆ ಹೊಸ ದಾರಿ ಮಾಡುತ್ತಾರೆ. ಶೋಲೆಯ ನೆಲ ಸ್ಪಂಜಿನಂತಹದ್ದು, ಕೊಳೆತ ಎಲೆಯ ಪದರದಡಿ ತೆಳ್ಳನೆಯ ಮಣ್ಣು, ಅದರಡಿ ಕಲ್ಲು. ಒಂದೇ ವಾರಾಂತ್ಯದ ತುಳಿತಕ್ಕೆ ಪದರ ಕಿತ್ತು ಕಲ್ಲು ಮೇಲೆ ಬರುತ್ತದೆ, ಅದೂ ಜಾರುಬಂಡೆಯಾಗುತ್ತದೆ.

ಮೂರನೆಯದು ನೀರು. ಗಿರಿಗದ್ದೆಯಲ್ಲಿ ನೀರುಂಟು, ಕಲ್ಲು ಮಂಟಪದ ಬಳಿ ತೊರೆಯುಂಟು. ಅಕ್ಟೋಬರ್, ನವೆಂಬರಿನಲ್ಲಿ ಅದು ಧಾರಾಳ. ಜನವರಿಯ ಹೊತ್ತಿಗೆ ಸೊರಗುತ್ತದೆ, ಬಾಟಲಿ ಓರೆ ಹಿಡಿದು ತುಂಬಿಸಬೇಕಾಗುತ್ತದೆ. ಅಲ್ಲಿಂದ ಮೇಲೆ ನೆಚ್ಚಬಹುದಾದ ನೀರಿಲ್ಲ. ಬಿಸಿಲಿನ ದಿನ ಒಬ್ಬರಿಗೆ ನಾಲ್ಕು ಲೀಟರ್ ಎಂದರೆ ಮುನ್ನೂರು ಜನಕ್ಕೆ 1,200 ಲೀಟರ್. ಒಂದು ಒರತೆಗೆ ಬಾಟಲಿ ಹಿಡಿದು ಕೂತವರ ಸಾಲು ಉದ್ದವಾದಷ್ಟೂ ಸುತ್ತಲಿನ ನೆಲ ಕೆಸರಾಗುತ್ತದೆ, ಕೆಸರು ತೊರೆಗೇ ಇಳಿಯುತ್ತದೆ. ಆ ತೊರೆಯ ಮೇಲ್ಭಾಗದಲ್ಲಿ ಯಾರಾದರೂ ಬಹಿರ್ದೆಸೆಗೆ ಕೂತಿದ್ದರಂತೂ ಮುಗಿಯಿತು. ಕಾಡಿನಲ್ಲಿ ಇದರ ನಿಯಮ ಸುಲಭ: ನೀರಿನಿಂದ ಅರುವತ್ತು ಮೀಟರ್, ಅಂದರೆ ಎಂಬತ್ತು ಹೆಜ್ಜೆ ದೂರ, ಒಂದು ಗೇಣು ಆಳದ ಗುಂಡಿ, ಮೇಲೆ ಮಣ್ಣು. ಕಾಗದ, ಪ್ಯಾಡು ವಾಪಸು ಚೀಲಕ್ಕೆ. ಹುಲ್ಲುಗುಡ್ಡದಲ್ಲಿ ಮರೆಯಿಲ್ಲ, ಮರೆಯಿರುವುದು ತೊರೆಯ ಪಕ್ಕದ ಪೊದೆಯಲ್ಲಿ ಮಾತ್ರ. ತೊಡಕು ಇರುವುದೇ ಅಲ್ಲಿ. ಚೆಕ್‌ಪೋಸ್ಟಿನಲ್ಲಿ ನಾಲ್ಕು ಶೌಚಾಲಯ ಕಟ್ಟಿಸಿ ನೀರು ಬಿಟ್ಟರೆ ಮೇಲಿನ ಅರ್ಧ ಸಮಸ್ಯೆ ತೀರುತ್ತದೆ. ಕಟ್ಟುವುದು ಸುಲಭ, ದಿನಾ ತೊಳೆಯುವವರಿಗೆ ಸಂಬಳ ಕೊಡುವುದನ್ನು ಮಾತ್ರ ಎಲ್ಲ ಯೋಜನೆಗಳೂ ಮರೆಯುತ್ತವೆ.

ದಾರಿಯ ಮಣ್ಣಿನ ಮಾತನ್ನೂ ಇಲ್ಲೇ ಮುಗಿಸಬೇಕು, ಏಕೆಂದರೆ ಅದು ಯಾರ ಕಣ್ಣಿಗೂ ಬೀಳದ ಹಾನಿ. ಗಿರಿಗದ್ದೆಯಿಂದ ಮೇಲೆ ಹುಲ್ಲಿನ ನಡುವೆ ಒಂದೇ ಇದ್ದ ಕಾಲುದಾರಿ ಕೆಲವೆಡೆ ಎರಡು, ಮೂರು ಕವಲಾಗಿದೆ. ತುಳಿದು ಗಟ್ಟಿಯಾದ ದಾರಿಯಲ್ಲಿ ಮಳೆನೀರು ಇಂಗುವುದಿಲ್ಲ, ಓಡುತ್ತದೆ. ಓಡಿದ ನೀರು ದಾರಿಯನ್ನು ಕೊರೆದು ಮೊಣಕಾಲುದ್ದದ ಕಾಲುವೆ ಮಾಡುತ್ತದೆ. ಕಾಲುವೆಯಲ್ಲಿ ನಡೆಯಲಾಗದೆ ಜನ ಪಕ್ಕದ ಹುಲ್ಲು ತುಳಿಯುತ್ತಾರೆ, ಅಲ್ಲೊಂದು ಹೊಸ ಕಾಲುವೆಗೆ ಬುನಾದಿ. ಇದನ್ನು ತಡೆಯಲು ಕಾಂಕ್ರೀಟ್ ಮೆಟ್ಟಿಲು ಬೇಡ, ಅದು ಇನ್ನೂ ಕೆಟ್ಟದ್ದು. ದಾರಿಗೆ ಅಡ್ಡಲಾಗಿ, ಓರೆಯಾಗಿ, ಅಲ್ಲಿಯದೇ ಕಲ್ಲುಗಳ ಸಾಲು ಹೂಳಬೇಕು: ಕಲ್ಲಿನ ಮೂರರಲ್ಲಿ ಎರಡು ಪಾಲು ನೆಲದೊಳಗೆ, ಒಂದು ಪಾಲು ಮೇಲೆ, ಕೆಳತುದಿ ಇಳಿಜಾರಿನ ಹೊರಬದಿಗೆ ತೆರೆದಿರಬೇಕು. ಕಡಿದಾದ ಕಡೆ ಐದಾರು ಮೀಟರಿಗೊಂದು, ಸಪಾಟಾದ ಕಡೆ ಹದಿನೈದು-ಇಪ್ಪತ್ತು ಮೀಟರಿಗೊಂದು. ನೀರು ದಾರಿಯಲ್ಲಿ ವೇಗ ಹಿಡಿಯುವ ಮೊದಲೇ ಹುಲ್ಲಿಗೆ ಹೊರಳುತ್ತದೆ. ತೋಟದಲ್ಲಿ ಕಪ್ಪು (ನೀರು ಬಸಿಯುವ ಕಾಲುವೆ) ತೆಗೆದು ಅಭ್ಯಾಸವಿರುವ ಯಾವ ಕೆಲಸದಾಳಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಮುಂಗಾರಿನ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಬಾಯಿ ಬಿಡಿಸಿ ಮಣ್ಣು ತೆಗೆಯಬೇಕು. ತೆಗೆಯದೆ ಬಿಟ್ಟರೆ ಹೂಳು ತುಂಬಿ ನೀರು ಕಲ್ಲಿನ ಮೇಲೇ ಹಾರುತ್ತದೆ, ಮೊದಲಿಗಿಂತ ಆಳವಾಗಿ ಕೊರೆಯುತ್ತದೆ.

ನಾಲ್ಕು ತಿಂಗಳಿನ ಬಾಗಿಲು

ಜೂನ್‌ನಿಂದ ಸೆಪ್ಟೆಂಬರ್ ಮಳೆ, ಫೆಬ್ರುವರಿಯಿಂದ ಕಾಳ್ಗಿಚ್ಚಿನ ಕಾಲ. ಕರಡ ಹುಲ್ಲು ಜನವರಿಯಲ್ಲೇ ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ. ಗಾಳಿಯಿರುವ ಮಧ್ಯಾಹ್ನ ಒಂದು ಬೀಡಿಯ ತುಂಡು ಸಾಕು, ಬೆಂಕಿ ಏರುಮುಖವಾಗಿ ಮನುಷ್ಯರಿಗಿಂತ ವೇಗವಾಗಿ ಓಡುತ್ತದೆ. ಉಳಿಯುವುದು ಅಕ್ಟೋಬರ್‌ನಿಂದ ಜನವರಿ, 123 ದಿನ. ದಿನಕ್ಕೆ 300ರಂತೆ 36,900 ಟಿಕೆಟ್. ಇದರಲ್ಲಿ ಶನಿವಾರ-ಭಾನುವಾರ ಸುಮಾರು 35 ದಿನ, 10,500 ಟಿಕೆಟ್. ಬೇಡಿಕೆಯೆಲ್ಲ ಬೀಳುವುದು ಈ ಹತ್ತೂವರೆ ಸಾವಿರದ ಮೇಲೆ. ಉಳಿದ 26,400 ವಾರದ ನಡುವಿನವು.

ಶುಕ್ರವಾರ ಸಂಜೆ ಕಚೇರಿ ಮುಗಿಸಿ ಚೀಲ ಹೆಗಲಿಗೇರಿಸುವ ಬೆಂಗಳೂರಿನ ಬದುಕಿಗೆ ವಾರದ ನಡುವಿನ ಟಿಕೆಟ್ ಉಪಯೋಗಕ್ಕೆ ಬರುವುದಿಲ್ಲ ಎಂಬ ಮಾತು ಅರ್ಧ ನಿಜ. ಕಾಲೇಜು ತಂಡಗಳು, ಪಾಳಿ ಕೆಲಸದವರು, ರಜೆ ಹೊಂದಿಸಿಕೊಳ್ಳಬಲ್ಲವರು ಬರುವವರಲ್ಲಿ ಕಡಿಮೆಯೇನಿಲ್ಲ. ಆದರೆ ಮಂಗಳವಾರಕ್ಕೂ ಶನಿವಾರಕ್ಕೂ ಒಂದೇ ಬೆಲೆ ಇಟ್ಟರೆ ಅವರೂ ಶನಿವಾರವೇ ಬರುತ್ತಾರೆ. ಶನಿವಾರದ ಶುಲ್ಕ ದುಪ್ಪಟ್ಟು ಮಾಡಿ, ವಾರದ ನಡುವೆ ಅರ್ಧ ಮಾಡಿ ನೋಡುವ ಪ್ರಯೋಗಕ್ಕೆ ಹೊಸ ಕಾನೂನು ಬೇಕಿಲ್ಲ.

ಇಲ್ಲಿ ಇನ್ನೊಂದು ಸಂಗತಿ ಇದೆ. ಮಾರ್ಗಶಿರದ ಚಂಪಾಷಷ್ಠಿ ಜಾತ್ರೆ ಇದೇ ನಾಲ್ಕು ತಿಂಗಳೊಳಗೆ ಬರುತ್ತದೆ. ಆಗ ಕುಕ್ಕೆಯಲ್ಲಿ ಕೋಣೆ ಇರಲಿ, ಮೀಯಲು ಜಾಗ ಸಿಗುವುದೂ ಕಷ್ಟ. ಜಾತ್ರೆಯ ವಾರದಲ್ಲಿ ಚಾರಣದ ಟಿಕೆಟ್ ಕಡಿಮೆ ಮಾಡುವುದು ದೇವಳಕ್ಕೂ ಬೆಟ್ಟಕ್ಕೂ ಒಳ್ಳೆಯದು. ಕುಮಾರ ಪರ್ವತ ಆ ಊರಿಗೆ ಆಟದ ಮೈದಾನವಲ್ಲ, ದೇವರ ಜಾಗ. ಮೇಲಿನ ಕುಮಾರ ಪಾದಕ್ಕೆ ಪೂಜೆ ಸಲ್ಲಿಸುವ ವಾಡಿಕೆ ಚಾರಣದ ಟಿಕೆಟ್ಟಿಗಿಂತ ಬಹಳ ಹಳೆಯದು. ಶಿಖರದಲ್ಲಿ ಸ್ಪೀಕರ್ ಹಾಕಿ ಕುಣಿಯುವವರ ಬಗ್ಗೆ ಊರವರಿಗಿರುವ ಸಿಟ್ಟಿಗೆ ಪರಿಸರಕ್ಕಿಂತ ಮೊದಲು ಈ ಕಾರಣವಿದೆ.

ಬಾಗಿಲು ಮುಚ್ಚಿದಾಗ ಜನ ಮನೆಯಲ್ಲಿ ಕೂರುವುದೂ ಇಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿ ರೈಲುಮಾರ್ಗದ ಎಡಕುಮೇರಿ ಭಾಗ ‘ಗ್ರೀನ್ ರೂಟ್’ ಎಂಬ ಹೆಸರಿನಲ್ಲಿ ಒಂದು ಕಾಲಕ್ಕೆ ಪ್ರಸಿದ್ಧವಾಗಿತ್ತು. ಸುರಂಗ, ಸೇತುವೆಗಳ ಮೇಲೆ ಹಳಿ ಹಿಡಿದು ನಡೆಯುವ ಈ ಹುಚ್ಚು ಈಗಲೂ ಪೂರ್ತಿ ಬಿಟ್ಟಿಲ್ಲ. ರೈಲ್ವೆ ಕಾಯ್ದೆಯ ಸೆಕ್ಷನ್ 147ರ ಪ್ರಕಾರ ಅದು ಅತಿಕ್ರಮ ಪ್ರವೇಶ. ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ. ದಂಡಕ್ಕಿಂತ ಹೆದರಬೇಕಾದ್ದು ತಿರುವಿನ ಸುರಂಗದೊಳಗೆ ಗೋಡೆಗೂ ಬೋಗಿಗೂ ನಡುವೆ ಉಳಿಯುವ ಜಾಗಕ್ಕೆ. ಒಂದು ಪಥದ ಮಿತಿಯನ್ನು ನಿರ್ಧರಿಸುವಾಗ ಅಲ್ಲಿ ಜಾಗ ಸಿಗದವರು ಎಲ್ಲಿಗೆ ತಿರುಗುತ್ತಾರೆ ಎಂಬುದನ್ನೂ ಯೋಚಿಸಬೇಕಾಗುತ್ತದೆ.

ಊರಿಗೆ ಉಳಿಯುವುದೇನು?

ವಾರಾಂತ್ಯದ ಪ್ಯಾಕೇಜ್ ಹೇಗೆ ಕೆಲಸ ಮಾಡುತ್ತದೆ ಎಂದರೆ: ಬೆಂಗಳೂರಿನಲ್ಲಿ ದುಡ್ಡು ಕಟ್ಟಿ, ರಾತ್ರಿ ಟಿಟಿ (ಟೆಂಪೊ ಟ್ರಾವೆಲರ್) ಹತ್ತಿ, ನಸುಕಿನಲ್ಲಿ ಕುಕ್ಕೆಯಲ್ಲಿ ಇಳಿದು, ಎಂಟು-ಹತ್ತು ಮಂದಿಗೊಂದು ಕೋಣೆಯಲ್ಲಿ ಒಂದು ಗಂಟೆಯಲ್ಲಿ ಮಿಂದು, ಬನ್ಸು-ಚಹಾ ಮುಗಿಸಿ ಬೆಟ್ಟ. ಸಂಜೆ ಇಳಿದವರೇ ಮತ್ತೆ ಟಿಟಿ. ಊರಿನಲ್ಲಿ ಖರ್ಚಾಗುವುದು ಕೋಣೆಯ ಪಾಲು, ಒಂದು ತಿಂಡಿ, ಒಂದು ಊಟ. ಊರಿಗೆ ಉಳಿಯುವುದು ತಂಡದವರ ಶೌಚ, ಸ್ನಾನದ ನೀರು, ಖಾಲಿ ಬಾಟಲಿಗಳು. ಜೊತೆಗೆ ರಾತ್ರಿ ಯಾರಾದರೂ ಇಳಿದು ಬರದಿದ್ದರೆ ಟಾರ್ಚು ಹಿಡಿದು ಹತ್ತುವ ಕೆಲಸ.

ಆ ಕೆಲಸ ಎಂಥದ್ದು ಎಂಬುದು ಮೇಲೆ ಹೋಗುವವರಿಗೆ ಗೊತ್ತಿರಬೇಕು. ಶೇಷ ಪರ್ವತದಲ್ಲಿ ಒಬ್ಬರ ಪಾದದ ಗಂಟು ಮುರಿದರೆ ಸ್ಟ್ರೆಚರಿಗೆ ಏಕಕಾಲದಲ್ಲಿ ಆರು ಮಂದಿ ಬೇಕು. ಆ ಇಳಿಜಾರಿನಲ್ಲಿ ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಹೆಗಲು ಬದಲಾಗಬೇಕು, ಆದ್ದರಿಂದ ಹನ್ನೆರಡರಿಂದ ಹದಿನೆಂಟು ಮಂದಿ. ಕರೆ ಬಂದ ಮೇಲೆ ಅವರು ಕೆಳಗಿನಿಂದ ಹತ್ತಿ ಬರಲು ಐದು ಗಂಟೆ, ಹೊತ್ತಿಳಿಯಲು ಎಂಟು ಗಂಟೆ. ಕರೆ ಬರುವುದೂ ಸಿಗ್ನಲ್ ಸಿಕ್ಕರೆ. ಬರುವವರು ಅರಣ್ಯ ವೀಕ್ಷಕರು, ಊರಿನ ಹುಡುಗರು. 2019ರಲ್ಲಿ ತಂಡದಿಂದ ತಪ್ಪಿಸಿಕೊಂಡ ಬೆಂಗಳೂರಿನ ಯುವಕನೊಬ್ಬ ಎರಡು ದಿನದ ಮೇಲೆ ನೀರಿನ ಪೈಪಿನ ಜಾಡು ಹಿಡಿದು ತಾನಾಗಿಯೇ ಇಳಿದು ಬಂದ. ಅಷ್ಟು ಹೊತ್ತಿಗೆ ಹುಡುಕುವವರು ಕಾಡು ಜಾಲಾಡುತ್ತಿದ್ದರು. ಗಿರಿಗದ್ದೆಯಿಂದ ಕೆಳಗೆ ದಾರಿ ತಪ್ಪಿದರೆ ಪೈಪು, ಬೇಲಿ, ತೋಟದ ಅಂಚು ಇವೇ ಗುರುತು. ಅದಕ್ಕೂ ಮೇಲೆ ತಪ್ಪಿದರೆ ನಿಂತಲ್ಲೇ ನಿಲ್ಲುವುದು ಲೇಸು. ತೊರೆಯ ಜಾಡು ಹಿಡಿದು ಇಳಿಯುತ್ತೇನೆ ಎಂದವರು ಜಲಪಾತದ ನೆತ್ತಿಯಲ್ಲಿ ಸಿಕ್ಕಿಬೀಳುತ್ತಾರೆ.

ಟಿಕೆಟ್ಟಿನ ದುಡ್ಡಿನಲ್ಲಿ ಒಂದು ಪಾಲು ಈ ಹೆಗಲುಗಳಿಗೆ ಹೋಗಬೇಕು: ತಿಂಗಳ ಸಂಬಳದ ಮೇಲೆ ಹತ್ತು ಮಂದಿಯ ತಂಡ, ಗಿರಿಗದ್ದೆಯಲ್ಲಿ ಒಂದು ಮಡಚುವ ಸ್ಟ್ರೆಚರು, ವಾಕಿಟಾಕಿ, ಹಗ್ಗ. ಒಂದು ಋತುವಿನ ಟಿಕೆಟ್ ಆದಾಯದ ಮುಂದೆ ಇದು ದೊಡ್ಡ ಖರ್ಚಲ್ಲ.

ಹೀಗೆ ಮಾಡಬಹುದಿತ್ತು

2025ರ ಸೆಪ್ಟೆಂಬರಿನಿಂದ ಚಿಕ್ಕಮಗಳೂರು ಜಿಲ್ಲಾಡಳಿತ ಮುಳ್ಳಯ್ಯನಗಿರಿ ಭಾಗಕ್ಕೆ ವಾಹನಗಳ ಆನ್‌ಲೈನ್ ನೋಂದಣಿ ಕಡ್ಡಾಯ ಮಾಡಿತು. ದಿನಕ್ಕೆ 1,200 ವಾಹನ, ಆದರೆ ಒಟ್ಟಿಗಲ್ಲ: ಬೆಳಿಗ್ಗೆ ಒಂದು ಪಾಳಿಗೆ 600, ಮಧ್ಯಾಹ್ನದ ಮೇಲೆ ಇನ್ನೊಂದಕ್ಕೆ 600. ಕಾರಿನ ಸಾಲಿಗೆ ಹೊಳೆದ ಈ ಉಪಾಯ ಕಾಲ್ನಡಿಗೆಯ ಸಾಲಿಗೆ ಇನ್ನೂ ಹೊಂದುತ್ತದೆ.

ಕುಕ್ಕೆಯ ಬದಿಯಲ್ಲಿ ಎರಡು ಬಗೆಯ ಟಿಕೆಟ್ ಇರಲಿ. ಒಂದು ಶಿಖರಕ್ಕೆ, ದಿನಕ್ಕೆ 100, ಇಪ್ಪತ್ತೈದರ ನಾಲ್ಕು ತಂಡ, ಬೆಳಿಗ್ಗೆ ಐದೂವರೆಯಿಂದ ಹದಿನೈದು ನಿಮಿಷಕ್ಕೊಂದು ತಂಡ, ಪ್ರತಿ ತಂಡಕ್ಕೂ ಸ್ಥಳೀಯ ಗೈಡ್. ಇನ್ನೊಂದು ಕಲ್ಲು ಮಂಟಪದವರೆಗೆ ಮಾತ್ರ, ದಿನಕ್ಕೆ 200, ಏಳರಿಂದ ಒಂಬತ್ತರವರೆಗೆ. ಕಲ್ಲು ಮಂಟಪಕ್ಕೆ ಹೋಗಿ ಬರಲು ಎಂಟು ಗಂಟೆ. ಒಂಬತ್ತಕ್ಕೆ ಹೊರಟವರೂ ಐದಕ್ಕೆ ಊರಿನಲ್ಲಿರುತ್ತಾರೆ. ಹುಲ್ಲುಗುಡ್ಡ, ಮೋಡ, ಎದುರಿನ ಸಾಲುಬೆಟ್ಟ ಎಲ್ಲವೂ ಅಲ್ಲಿಗೇ ಸಿಗುತ್ತದೆ. ಮೇಲಿನ ಬಂಡೆಯ ಹೊರೆ ಮೂರರಲ್ಲಿ ಒಂದಕ್ಕೆ ಇಳಿಯುತ್ತದೆ. ಶಿಖರವೇ ಬೇಕು, ಕಾಲು ಸಾಧಾರಣದ್ದು ಎನ್ನುವವರನ್ನು ಬೀದಳ್ಳಿಯ ಕಡೆಗೆ ಕಳಿಸಬೇಕು. ಆ ಬದಿಯಿಂದ ಹೋಗಿ ಬರುವುದು ಹಗಲಿನೊಳಗೆ ಸಲೀಸಾಗಿ ಮುಗಿಯುತ್ತದೆ. ಶಿಖರದ ಮೇಲೆ ಎರಡೂ ಕಡೆಯವರು ಸೇರುವುದರಿಂದ ಎರಡು ವಿಭಾಗಗಳ ಲೆಕ್ಕ ಒಂದೇ ಪುಸ್ತಕದಲ್ಲಿರಬೇಕು. ಇದಕ್ಕೆ ತಂತ್ರಜ್ಞಾನಕ್ಕಿಂತ ಇಬ್ಬರು ಅಧಿಕಾರಿಗಳ ನಡುವಿನ ಒಂದು ಫೋನ್ ಕರೆ ಹೆಚ್ಚು ಬೇಕು.

ಮುಖ್ಯವಾದ ನಿಯಮ ಇನ್ನೊಂದಿದೆ: ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದರೂ ತಿರುಗುವುದು. ಶೇಷ ಪರ್ವತದಲ್ಲಿ ಒಬ್ಬ ವೀಕ್ಷಕ ನಿಂತು ಹನ್ನೆರಡೂಕಾಲರ ಮೇಲೆ ಬಂದವರನ್ನು ಅಲ್ಲಿಂದಲೇ ವಾಪಸು ಕಳಿಸಿದರೆ ಸಾಕು. ಶಿಖರ ಕಣ್ಣಿಗೆ ಕಾಣುತ್ತಿರುವಾಗ ತಿರುಗುವುದು ಸಂಕಟವೇ. ಆದರೆ ಕತ್ತಲಲ್ಲಿ ಬಿದ್ದವರ ಲೆಕ್ಕ ತೆಗೆದರೆ ಬಹುಪಾಲು ‘ಇನ್ನು ಅರ್ಧ ಗಂಟೆ ಅಷ್ಟೇ’ ಎಂದು ಮುಂದೆ ಹೋದವರೇ ಸಿಗುತ್ತಾರೆ.

ಹೊರಡುವವರಿಗೆ

ನಿಯಮಗಳು ವರ್ಷಕ್ಕೊಮ್ಮೆ ಬದಲಾಗುತ್ತವೆ. ಹೊರಡುವ ವಾರ ಜಾಲತಾಣದಲ್ಲಿ ಪಥ ತೆರೆದಿದೆಯೇ, ಕುಕ್ಕೆಯ ಬದಿಯದೋ ಬೀದಳ್ಳಿಯ ಬದಿಯದೋ ಎಂದು ನೋಡಿ. ಟಿಕೆಟ್ಟಿನಲ್ಲಿರುವ ಹೆಸರಿನವರೇ ಅದೇ ಗುರುತಿನ ಚೀಟಿಯೊಂದಿಗೆ ಬರಬೇಕು.

ಚೀಲ ಐದಾರು ಕಿಲೊ ಮೀರಬಾರದು, ಅದರಲ್ಲಿ ನೀರೇ ಮೂರು-ನಾಲ್ಕು ಕಿಲೊ. ಸ್ಟೀಲ್ ಅಥವಾ ಗಟ್ಟಿ ಬಾಟಲಿ ತನ್ನಿ, ಅಂಗಡಿಯ ಬಾಟಲಿ ಬೇಡ. ಓಆರ್‌ಎಸ್ ಎರಡು ಪೊಟ್ಟಣ. ಬೆವರಿ ಬೆವರಿ ಬರೀ ನೀರು ಕುಡಿದವರಿಗೆ ಇಳಿಯುವಾಗ ತೊಡೆ ಹಿಡಿದುಕೊಳ್ಳುತ್ತದೆ. ತಲೆಗೆ ಕಟ್ಟುವ ಟಾರ್ಚು, ಬದಲಿ ಸೆಲ್ಲು. ಫೋನನ್ನು ಕೈಯಲ್ಲಿ ಹಿಡಿದರೆ ಬೇರು ಹಿಡಿಯಲು ಕೈ ಇರುವುದಿಲ್ಲ. ಶೂವಿನ ಅಡಿಯ ಹಲ್ಲು ಸವೆದಿದ್ದರೆ ಆ ಒದ್ದೆ ಬಂಡೆಯಲ್ಲಿ ಬೆಲೆ ತೆರಬೇಕಾಗುತ್ತದೆ. ಹೊಸ ಶೂ ಕೂಡ ಬೇಡ, ಐವತ್ತು ಕಿಲೊಮೀಟರ್ ನಡೆದು ಪಳಗಿದ್ದು ಬೇಕು. ಎರಡು ದಿನ ಮೊದಲು ಕಾಲುಗುರು ಕತ್ತರಿಸಿಕೊಳ್ಳಿ: 1,600 ಮೀಟರ್ ಇಳಿಯುವಾಗ ಪ್ರತಿ ಹೆಜ್ಜೆಗೂ ಬೆರಳು ಶೂವಿನ ಮೂತಿಗೆ ಗುದ್ದುತ್ತದೆ, ಉದ್ದ ಉಗುರು ಕಪ್ಪಾಗಿ ಬಿದ್ದುಹೋಗುತ್ತದೆ. ಇಳಿಯುವ ಮೊದಲು ಲೇಸನ್ನು ಕಣಕಾಲಿನ ಕಡೆ ಬಿಗಿಯಾಗಿ, ಬೆರಳಿನ ಕಡೆ ಸಡಿಲವಾಗಿ ಮತ್ತೆ ಕಟ್ಟಬೇಕು. ಕೋಲು ಹತ್ತುವಾಗ ಮೊಣಕೈ ಮಟ್ಟಕ್ಕೆ, ಇಳಿಯುವಾಗ ಅದಕ್ಕಿಂತ ಮೂರು-ನಾಲ್ಕು ಬೆರಳು ಉದ್ದ.

ಅಕ್ಟೋಬರಿನಲ್ಲಿ ಹೋದರೆ ಉಂಬಳ (ಜಿಗಣೆ) ಇರುತ್ತದೆ. ಗಿರಿಗದ್ದೆಯ ಕೆಳಗಿನ ಕಾಡಿನಲ್ಲಿ ನಿಂತಲ್ಲಿ ಹತ್ತುತ್ತವೆ, ನಡೆಯುತ್ತಿದ್ದರೆ ಕಡಿಮೆ. ಸುಣ್ಣ, ಹೊಗೆಸೊಪ್ಪಿನ ನೀರನ್ನು ಕಾಲುಚೀಲಕ್ಕೆ ಸವರಿಕೊಳ್ಳುವುದು ಹಳೆಯ ಉಪಾಯ, ಈಗಲೂ ಕೆಲಸ ಮಾಡುತ್ತದೆ. ಕಚ್ಚಿದ್ದನ್ನು ಉಗುರಿನಿಂದ ಪಕ್ಕಕ್ಕೆ ಸರಿಸಿ ತೆಗೆಯಿರಿ, ಎಳೆದು ಕೀಳಬೇಡಿ. ಗಾಯ ದೊಡ್ಡದಾಗಿ ತುರಿಕೆ ವಾರ ಬಿಡುವುದಿಲ್ಲ. ಉಪ್ಪನ್ನು ಉಂಬಳಕ್ಕೆ ಹಾಕಿದರೆ ಅದು ಬೀಳುತ್ತದೆ, ಆದರೆ ನೆಲಕ್ಕೆಲ್ಲ ಉಪ್ಪು ಚೆಲ್ಲುತ್ತ ಹೋಗುವ ತಂಡಗಳೂ ಉಂಟು. ಕಪ್ಪೆ, ಎರೆಹುಳುಗಳಿಗೆ ಆ ಉಪ್ಪು ಉಂಬಳಕ್ಕಿಂತ ದೊಡ್ಡ ಶಿಕ್ಷೆ. ಬಟ್ಟೆಯ ಸಣ್ಣ ಗಂಟಿನಲ್ಲಿ ಉಪ್ಪು ಕಟ್ಟಿ, ಒದ್ದೆ ಮಾಡಿ, ಕಚ್ಚಿದ ಜಾಗಕ್ಕಷ್ಟೇ ಮುಟ್ಟಿಸಿದರೆ ಒಂದು ಚಮಚ ಇಡೀ ದಿನಕ್ಕೆ ಸಾಕು.